ಇಟ್ಟಿಗೆ ಗೂಡಿನ ಗಾಡಿಯ ಹೆಸರು

ಆ ಗೂಡ್ಸ್ ಯಾರ್ಡಿನಲ್ಲಿ ನಂಬರು ಹೇಳಿದರೆ ಯಾವ ಗಾಡಿ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕಾಗದದ ಮೇಲೆ ಪ್ರತಿ ಟ್ರಿಪ್ಪಿಗೂ ಒಂದು ನಂಬರು ಇತ್ತು, ನಿಜ. ಅದನ್ನು ಬಾಯಿಬಿಟ್ಟು ಹೇಳುವವರು ಮಾತ್ರ ಇರಲಿಲ್ಲ. ಬಿಸ್ಕತ್ತು ಕಾರ್ಖಾನೆಗೆ ಹಿಟ್ಟು ಹೊತ್ತು ಹೋಗುವ ಗಾಡಿಯ ಹೆಸರು ‘ಅತ್ತೆಮನೆ’. ಅಲ್ಲಿಗೆ ಹೋದವರು ಹೊಟ್ಟೆ ತುಂಬ ತಿಂದು, ಜೇಬಿಗೂ ಒಂದಿಷ್ಟು ತುರುಕಿಕೊಂಡು ಬರುತ್ತಿದ್ದರು. ಆಸಿಡ್ ಟ್ಯಾಂಕರುಗಳ ಗಾಡಿ ‘ಬೆಕ್ಕಿನ ಹೆಜ್ಜೆ’. ಗಾಜಿನ ಕಾರ್ಖಾನೆಯ ಗಾಡಿ ‘ಬಾಣಂತಿ’. ಅದನ್ನು ಕೊಂಚ ಕುಲುಕಿದರೂ ಮೇಲಿನವರು ಮೈಮೇಲೆ ಬೀಳುತ್ತಿದ್ದರು. ಕಲ್ಲು ಕ್ವಾರಿಯದು ‘ಮೊಂಡ’. ಯಾರ್ಡಿನ ಅತಿ ಹಳೆಯ ಎಂಜಿನ್ನು ಏದುಸಿರು ಬಿಡುತ್ತ ಎಳೆಯುತ್ತಿದ್ದ ಸಿಮೆಂಟಿನ ಗಾಡಿಯನ್ನು ‘ದೇವರೇ ಗತಿ’ ಎನ್ನುತ್ತಿದ್ದರು.

ಹೆಸರಿಡುವುದಕ್ಕೂ ಒಂದು ಕಟ್ಟುಪಾಡಿತ್ತು. ಯಾರೂ ತಮ್ಮ ಹೆಸರನ್ನು ತಾವೇ ಗಾಡಿಗೆ ಅಂಟಿಸಿಕೊಳ್ಳುವ ಹಾಗಿರಲಿಲ್ಲ. ಯಾರದೋ ಬಾಯಿಂದ ತಮಾಷೆಗೆ ಒಂದು ಮಾತು ಉದುರಬೇಕು. ಕೇಳಿದವನು ಅದನ್ನು ಇನ್ನೊಬ್ಬನ ಕಿವಿಗೆ ದಾಟಿಸಬೇಕು. ಹೀಗೆ ಬಾಯಿಂದ ಬಾಯಿಗೆ ತಿರುಗಿ, ಒಂದು ದಿನ ವ್ಯಾಗನ್ನುಗಳನ್ನು ಹಳಿಯಿಂದ ಹಳಿಗೆ ಸರಿಸಿ ಶಂಟಿಂಗ್ ಮಾಡುವವನು ಆ ಹೆಸರನ್ನು ಕೂಗಿ ಕರೆದಾಗ ಎಂಜಿನ್ನಿನಿಂದ ಯಾರಾದರೂ “ಹೋ” ಎಂದರೆ ಸರಿ, ಹೆಸರು ಗಟ್ಟಿಯಾಯಿತು. ಆಮೇಲೆ ಅದನ್ನು ಅಳಿಸುವುದು ದೊಡ್ಡ ಸಾಹೇಬರ ಕೈಲೂ ಆಗುತ್ತಿರಲಿಲ್ಲ.

ಈ ಹೆಸರುಗಳನ್ನೆಲ್ಲ ದಿನವೂ ಬಾಯಲ್ಲಿ ಹೊರಳಿಸುತ್ತಿದ್ದವಳು ಯಾರ್ಡ್ ಆಫೀಸಿನಲ್ಲಿ ಡ್ಯೂಟಿ ಹಾಕುವ ಗುಮಾಸ್ತೆ. ನಾಳೆ ಯಾವ ಗಾಡಿಗೆ ಯಾವ ಡ್ರೈವರು, ಯಾವ ಗಾರ್ಡು ಎಂದು ತೀರ್ಮಾನಿಸಿ, ಮಧ್ಯಾಹ್ನದ ಮೇಲೆ ಒಬ್ಬೊಬ್ಬರಿಗೂ ಫೋನು ಮಾಡುವುದು ಅವಳ ಕೆಲಸ.

“ನಾಳೆ ನಿಮಗೆ ಬಾಣಂತಿ. ಹುಷಾರು.”

“ನಿಮಗೆ ಮೊಂಡ. ರಜಾ ಕೇಳ್ಬೇಡಿ, ಕೊಡೋಕಾಗಲ್ಲ.”

ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಯಾರಿಗೆ ಮಂಡಿನೋವು, ಯಾರ ಮಗುವಿಗೆ ಜ್ವರ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಅವಳ ಬೆರಳ ತುದಿಯಲ್ಲಿತ್ತು. ಆದರೆ ತಲೆ ನೆರೆತ ಡ್ರೈವರುಗಳಿಂದ ಹಿಡಿದು ಚಹಾ ತರುವವನವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ‘ಮೇಡಂ’ ಎಂದು. ಮೇಡಂ ಎನ್ನುವುದು ಕುರ್ಚಿಗೆ ಕೊಡುವ ಮರ್ಯಾದೆ. ಅವಳು ಎದ್ದು ಇನ್ನೊಬ್ಬಳು ಬಂದು ಕೂತರೆ ಅವಳೂ ಮೇಡಮ್ಮೇ.

ಅವಳ ಒಡಹುಟ್ಟಿದ ಅಕ್ಕ ಇದ್ದದ್ದು ಊರಾಚೆಯ ಬ್ರಾಂಚ್ ಲೈನು ರಸ್ತೆಯನ್ನು ದಾಟುವ ರೈಲ್ವೆ ಗೇಟಿನಲ್ಲಿ. ಅಪ್ಪ ಕಾಯುತ್ತಿದ್ದ ಗೇಟು ಅದು. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ದೊಡ್ಡ ಮಗಳಿಗೆ ಬಂತು. ಅಕ್ಕ ಓದು ಬಿಟ್ಟು ಹಸಿರು ಬಾವುಟ ಹಿಡಿದಳು. ತಂಗಿ ಓದಿದಳು, ಪರೀಕ್ಷೆ ಪಾಸು ಮಾಡಿದಳು, ಫ್ಯಾನಿನ ಕೆಳಗೆ ಕೂರುವ ಕೆಲಸ ಹಿಡಿದಳು. ಯಾರು ನೋಡಿದರೂ ಮೇಲೆ ಬಂದವಳು ತಂಗಿಯೇ. ತಂಗಿಗೂ ಹಾಗೇ ಅನ್ನಿಸಿತ್ತು, ಬಹಳ ದಿನ.

ಇಟ್ಟಿಗೆ ಗೂಡಿಗೆ ಹೋಗುವ ಗಾಡಿ ಆ ಗೇಟನ್ನು ದಾಟಿ ಹೋಗಬೇಕು. ಅಲ್ಲೊಂದು ತಿರುವು, ಹಳಿಯ ಕೆಳಗಿನ ನೆಲವೂ ಮೆತ್ತಗೆ. ಹಾಗಾಗಿ ಎಂಜಿನ್ನು ಅಲ್ಲಿ ಮನುಷ್ಯರ ನಡಿಗೆಯಲ್ಲೇ ಹೋಗಬೇಕು. ಅಕ್ಕ ಬಾವುಟ ಹಿಡಿದುಕೊಂಡು ಎಂಜಿನ್ನಿನ ಪಕ್ಕದಲ್ಲೇ ಹೆಜ್ಜೆ ಹಾಕುತ್ತ ಡ್ರೈವರನ್ನು ವಿಚಾರಿಸಿಕೊಳ್ಳುತ್ತಿದ್ದಳು.

“ಕಣ್ಣು ಯಾಕೋ ಕೆಂಪಗಿದೆ? ನಿದ್ದೆ ಮಾಡಿಲ್ವಾ?”

“ಮಾಡಿದೀನಿ ಅಕ್ಕಾ.”

“ಸುಳ್ಳು ಹೇಳ್ಬೇಡ. ಹೆಂಡತಿ ತವರಿಂದ ಬಂದ್ಲಾ? ನೀನಾಗೇ ಒಂದು ಫೋನು ಮಾಡಿದ್ರೆ ಗಂಟೇನು ಹೋಗುತ್ತೆ?”

ಬೈದರೂ ಅವಳು ಬೈದ ಹಾಗಿರುತ್ತಿರಲಿಲ್ಲ. ಒಮ್ಮೆ ಒಬ್ಬ ಡ್ರೈವರನ್ನು ಚಹಾದಂಗಡಿಯಲ್ಲಿ ಯಾರೋ “ಇವತ್ತು ಎಲ್ಲಿಗೆ?” ಎಂದು ಕೇಳಿದಾಗ, “ಅಕ್ಕನ ಹತ್ರ ಹೋಗಿ ಬೈಸ್ಕೊಂಡು ಬರ್ತೀನಿ” ಎಂದ. ಅಷ್ಟೇ. ಇಟ್ಟಿಗೆ ಗೂಡಿನ ಗಾಡಿ ಅಂದಿನಿಂದ ‘ಅಕ್ಕ’ ಆಯಿತು.

ತಂಗಿಯ ಹೊಟ್ಟೆಯುರಿ ಶುರುವಾದದ್ದು ಅಲ್ಲಿಂದ. ಬೇರೆ ಯಾರಾದರೂ ಆಗಿದ್ದರೆ ಕಿವಿ ಮುಚ್ಚಿಕೊಂಡು ಇದ್ದುಬಿಡಬಹುದಿತ್ತು. ಇವಳು ಆ ಹೆಸರನ್ನು ದಿನವೂ ತನ್ನ ಬಾಯಿಂದಲೇ ಹೇಳಬೇಕು. “ನಾಳೆ ನಿಮಗೆ ಅಕ್ಕ” ಎಂದರೆ ಸಾಕು, ಆಚೆ ಕಡೆಯಿಂದ “ಆಹಾ!” ಎನ್ನುವ ಸದ್ದು ಬರುತ್ತಿತ್ತು. ಆ ‘ಆಹಾ’ ಅವಳ ಕಿವಿಯಲ್ಲಿ ಸೊಳ್ಳೆಯ ಹಾಗೆ ಗುಂಯ್ಗುಡುತ್ತಿತ್ತು. ರಜೆ ಹೊಂದಿಸಿ ಕೊಡುವವಳು ನಾನು, ಪಾಳಿ ಬದಲಾಯಿಸಿ ಕೊಡುವವಳು ನಾನು, ಇವರ ಸಂಸಾರ ನೆಟ್ಟಗಿರೋ ಹಾಗೆ ನೋಡಿಕೊಳ್ಳುವವಳು ನಾನು. ಅವಳು ಏನು ಕೊಟ್ಟಳು? ಎರಡು ಬೈಗುಳ!

ಮನೆಗೆ ಬಂದರೂ ಬಿಡುಗಡೆಯಿರಲಿಲ್ಲ. ಅಮ್ಮ ಇದ್ದದ್ದು ತಂಗಿಯ ಜೊತೆ, ಲೈನಿನ ಪಕ್ಕದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಬೆಳಿಗ್ಗೆ ಇಟ್ಟಿಗೆ ಗಾಡಿ ಹಿತ್ತಲಿನ ಗೋಡೆಯಾಚೆ ಹಾದುಹೋಗುವಾಗ ಅಮ್ಮ ಕೈಯಲ್ಲಿದ್ದ ಲೋಟ ಕೆಳಗಿಡುತ್ತಿದ್ದಳು.

“ಅಕ್ಕನ ಗಾಡಿ ಹೋಯ್ತು ಕಣೇ.”

“ಕೇಳಿಸ್ತಮ್ಮ. ನನಗೂ ಕಿವಿ ಇದೆ.”

“ಇವತ್ತು ವ್ಯಾಗನ್ನು ಜಾಸ್ತಿ ಇರೋ ಹಾಗಿದೆ. ಪಾಪ, ಅಷ್ಟು ಹೊತ್ತೂ ಬಿಸಿಲಲ್ಲಿ ನಿಂತಿರ್ತಾಳೆ.”

ತಂಗಿ ಬೇಯಿಸಿದ್ದನ್ನು ಉಂಡು, ತಂಗಿ ಹಾಸಿದ ಹಾಸಿಗೆಯಲ್ಲಿ ಮಲಗಿ, ತಂಗಿ ತಂದ ಮಾತ್ರೆ ನುಂಗಿ, ಅಮ್ಮ ನೆರೆಮನೆಯವರಿಗೆ ಹೇಳುತ್ತಿದ್ದದ್ದು ಇಷ್ಟು: “ನನ್ನ ದೊಡ್ಡ ಮಗಳ ಹೆಸರಲ್ಲಿ ಒಂದು ರೈಲೇ ಓಡುತ್ತೆ.” ಚಿಕ್ಕ ಮಗಳ ವಿಷಯ ಕೇಳಿದರೆ, “ಅವಳಾ? ಆಫೀಸಲ್ಲಿದ್ದಾಳೆ” ಎಂದು ಮುಗಿಸುತ್ತಿದ್ದಳು. ತಂಗಿಯ ಗಂಡ ವರ್ಕ್‌ಶಾಪಿನಲ್ಲಿ ಫಿಟ್ಟರು, ಮಾತು ಕಡಿಮೆ. ಹೆಂಡತಿ ಪಾತ್ರೆ ಕುಕ್ಕುವ ಸದ್ದಿನಲ್ಲೇ ಅವನಿಗೆ ಎಲ್ಲ ಅರ್ಥವಾಗುತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಿದ್ದ.

ಹೀಗಿರುವಾಗ ಯಾರ್ಡಿನ ಅತಿ ಹಿರಿಯ ಡ್ರೈವರಿಗೆ ನಿವೃತ್ತಿಯಾಯಿತು. ಅವರ ಮೇಲೆ ತಂಗಿಗೆ ವಿಶೇಷ ಅಕ್ಕರೆ. ಮಂಡಿ ಹಿಡಿದುಕೊಂಡಾಗ ಮೊಂಡ ತಪ್ಪಿಸಿ ಅತ್ತೆಮನೆ ಹಾಕಿದ್ದಳು; ಮಗಳ ಹೆರಿಗೆಗೆ ರಜೆಯಿಲ್ಲದಾಗ ಹೇಗೋ ಹೊಂದಿಸಿ ಕಳಿಸಿದ್ದಳು. ಬೀಳ್ಕೊಡುಗೆಯ ದಿನ ಬಟ್ಟೆಗೆ ಇಸ್ತ್ರಿ ಹಾಕಿಕೊಂಡು, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಳು. ಅಕ್ಕ ಡ್ಯೂಟಿ ಮುಗಿಸಿ ತಡವಾಗಿ ಬಂದಳು. ಕೈಯಲ್ಲಿ ಗ್ರೀಸು, ಬೂಟಿನ ತುಂಬ ಇಟ್ಟಿಗೆ ಧೂಳು. ಬಂದವಳೇ ಹಿಂದೆ ಗೋಡೆಗೆ ಒರಗಿ ನಿಂತಳು.

ಹಿರಿಯ ಡ್ರೈವರು ಮಾತಿಗೆ ನಿಂತರು. “ನಾನು ಎಲ್ಲಾ ಗಾಡೀನೂ ಓಡಿಸಿದೀನಿ. ಆದ್ರೆ ಒಂದು ಮಾತು ಹೇಳ್ತೀನಿ, ಬೆಳಿಗ್ಗೆ ಏಳೋಕೆ ಮನಸ್ಸು ಬರ್ತಿದ್ದದ್ದು ಅಕ್ಕ ಇರೋ ದಿನ ಮಾತ್ರ.”

ಕೋಣೆಯೆಲ್ಲ ಚಪ್ಪಾಳೆ. ಅವರು ಕುಂಟುತ್ತ ಹಿಂದಿನ ಗೋಡೆಯವರೆಗೂ ನಡೆದು, ತಮಗೆ ಕೊಟ್ಟಿದ್ದ ಹೂಗುಚ್ಛವನ್ನು ಅಕ್ಕನ ಗ್ರೀಸಿನ ಕೈಗೆ ಇಟ್ಟರು. ಅಕ್ಕ “ಅಯ್ಯೋ, ಇದೆಲ್ಲ ಯಾಕೆ” ಎಂದು ಕಣ್ಣೊರೆಸಿಕೊಂಡಳು. ಡ್ರೈವರು ವಾಪಸು ಬಂದು ಕೂರುವಾಗ ಮುಂದಿನ ಸಾಲಿನಲ್ಲಿದ್ದ ತಂಗಿ ಕಣ್ಣಿಗೆ ಬಿದ್ದಳು.

“ಹಾಂ, ಮೇಡಂ ಕೂಡ. ಮೇಡಂಗೂ ಥ್ಯಾಂಕ್ಸ್.”

ಬಾಗಿಲವರೆಗೂ ಹೋದವರು ಕೊಡೆ ಮರೆತದ್ದು ನೆನಪಾಗಿ ತಿರುಗಿ ಬಂದ ಹಾಗಿತ್ತು ಅದು. ತಂಗಿಯ ಬಾಯಲ್ಲಿದ್ದ ಕೇಕು ಮಣ್ಣಾಯಿತು. ನಗುತ್ತಲೇ ನುಂಗಿದಳು. ಮನೆಗೆ ಬರುವ ದಾರಿಯುದ್ದಕ್ಕೂ ಆ ಹೂಗುಚ್ಛ ಕಣ್ಣ ಮುಂದೆ ಕುಣಿಯುತ್ತಿತ್ತು. ಆ ಹೆಸರನ್ನು ಇನ್ನು ನನ್ನ ಬಾಯಿಂದ ಆಡುವುದಿಲ್ಲ ಎಂದು ಅವಳು ತೀರ್ಮಾನಿಸಿದ್ದು ಆಗಲೇ. ನಾನು ಹೇಳದಿದ್ದರೆ ಅದು ಹೇಗೆ ಬದುಕುತ್ತದೋ ನೋಡೋಣ.

ಮಾರನೆಯ ದಿನದಿಂದ ನಂಬರು ಹಿಡಿದಳು.

“ನಾಳೆ ನಿಮಗೆ ಹದಿನಾಲ್ಕು.”

“ಹದಿನಾಲ್ಕು ಅಂದ್ರೆ ಯಾವುದು ಮೇಡಂ?”

“ಇಟ್ಟಿಗೆ ಗೂಡಿಂದು.”

“ಓ, ಅಕ್ಕ ಅನ್ನಿ! ಹೊಸ ಗಾಡಿ ಏನೋ ಬಿಟ್ರು ಅಂತ ಗಾಬರಿ ಆಯ್ತು.”

ಎಲ್ಲರದೂ ಇದೇ ರಾಗ. ಅವಳು ನಂಬರು ಹೇಳಿದಷ್ಟೂ ಅವರು ಅದನ್ನು ತಿದ್ದಿ ‘ಅಕ್ಕ’ ಎನ್ನುತ್ತಿದ್ದರು. ಮೊದಲು ದಿನಕ್ಕೊಮ್ಮೆ ಕೇಳುತ್ತಿದ್ದ ಹೆಸರನ್ನು ಈಗ ನಾಲ್ಕು ಸಲ ಕೇಳುವ ಹಾಗಾಯಿತು. ಕೊನೆಗೆ ಅವಳಿಗೆ ಹೊಳೆಯಿತು: ಹೆಸರನ್ನು ಓಡಿಸಲು ನಂಬರಿನಿಂದ ಆಗುವುದಿಲ್ಲ, ಇನ್ನೊಂದು ಹೆಸರೇ ಬೇಕು. ಅದೂ ನಗು ಬರಿಸುವಂಥದ್ದು, ನಾಲಿಗೆಗೆ ಅಂಟಿಕೊಳ್ಳುವಂಥದ್ದು. ಅಕ್ಕನ ಬೈಗುಳವನ್ನೇ ಹಿಡಿದುಕೊಂಡರೆ?

‘ಸಿಡುಕಮ್ಮ’ ಎಂಬ ಮಾತು ಅವಳಿಗೆ ಸಿಕ್ಕಿದ್ದು ಹೀಗೆ. ಅದನ್ನು ಅವಳೇ ಹುಟ್ಟಿಸಲಿಲ್ಲ. ಡ್ರೈವರುಗಳು ಕೂರುವ ಕೋಣೆಯ ಮುಂದೆ ಹಾದುಹೋಗುವಾಗ ಒಂದೆರಡು ಸಲ ಕಿವಿಗೆ ಬಿದ್ದಿತ್ತು. ಕ್ಯಾಂಟೀನಿನಲ್ಲಿ ಚಿಲ್ಲರೆಗಾಗಿ ಜಗಳವಾಡುವ ಹೆಂಗಸನ್ನು ಹಾಗನ್ನುತ್ತಾರೆ ಎಂದುಕೊಂಡಿದ್ದಳು. ಕ್ಯಾಂಟೀನಿನವಳಿಗೆ ಅದರಿಂದ ಏನೂ ನಷ್ಟವಿಲ್ಲ. ಅಕ್ಕನಿಗೆ ತೊಡಿಸಿದರೆ ಅಳತೆ ತೆಗೆದು ಹೊಲಿಸಿದ ಹಾಗಿರುತ್ತದೆ.

ಯಾರ ಕಿವಿಗೆ ಹಾಕಬೇಕೆಂಬುದಕ್ಕೆ ಯೋಚನೆಯೇ ಬೇಕಿರಲಿಲ್ಲ. ಗಾರ್ಡುಗಳಲ್ಲಿ ಒಬ್ಬನಿಗೆ ‘ರೇಡಿಯೋ’ ಎಂದೇ ಹೆಸರು. ಅವನಿಗೆ ಹೇಳಿದರೆ ಊರಿಗೆಲ್ಲ ಡಂಗುರ ಹೊಡೆಸಿದ ಹಾಗೆ. ಆ ದಿನ ಅವನಿಗೆ ಫೋನು ಮಾಡಿ, ದನಿಯಲ್ಲಿ ಏನೂ ತೋರಿಸದೆ ಹೇಳಿದಳು:

“ನಾಳೆ ನಿಮಗೆ ಸಿಡುಕಮ್ಮ.”

ರೇಡಿಯೋ ಮೆಲ್ಲಗೆ ಕೇಳಿದ, “ಏನಂದ್ರಿ ಮೇಡಂ?”

“ಸಿಡುಕಮ್ಮ. ಇಟ್ಟಿಗೆ ಗೂಡಿನ ಗಾಡಿ. ಇನ್ಮೇಲೆ ಅದಕ್ಕೆ ಅದೇ ಸರಿಯಾದ ಹೆಸರು ಅನ್ಸುತ್ತೆ ನನಗೆ. ನಿಮಗೆ ಅನ್ಸಲ್ವಾ?”

“ನೀವೇ... ನೀವೇ ಹೇಳ್ತಿದ್ದೀರಲ್ಲ ಮೇಡಂ!” ಎಂದು ಅವನು ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಕೆಮ್ಮು ಬರುವಷ್ಟು ನಕ್ಕು, “ನಿಮ್ಮಂಥವರು ನೀವೇ ಬಿಡಿ ಮೇಡಂ” ಎಂದು ಫೋನಿಟ್ಟ.

ಅವಳಿಗೆ ತನ್ನ ಜಾಣತನದ ಮೇಲೆ ಹೆಮ್ಮೆಯಾಯಿತು. ಮಾರನೆಯ ಬೆಳಿಗ್ಗೆ ಕಿಟಕಿಯಾಚೆ ಶಂಟಿಂಗ್ ಮಾಡುವವನು, “ಸಿಡುಕಮ್ಮ ಎಲ್ಲಿ? ಸಿಡುಕಮ್ಮನ್ನ ಮೂರನೇ ಲೈನಿಗೆ ತಗೊಳ್ರೋ!” ಎಂದು ಕೂಗಿದ. ಎಂಜಿನ್ನಿನಿಂದ “ಹೋ” ಎಂಬ ಉತ್ತರವೂ ಬಂತು. ಇಷ್ಟು ಬೇಗ ಯಾವ ಹೆಸರೂ ಗಟ್ಟಿಯಾದದ್ದಿಲ್ಲ. ಇನ್ನೊಂದು ಅಚ್ಚರಿಯೆಂದರೆ, ಯಾರ್ಡಿನವರು ಅವಳ ಜೊತೆ ನಡೆದುಕೊಳ್ಳುವ ರೀತಿಯೇ ಬದಲಾಯಿತು. ಕಂಡರೆ ಹಲ್ಲು ಕಿರಿಯುತ್ತಿದ್ದರು. ಚಹಾದವನು ಕೇಳದೆಯೇ ಬಿಸ್ಕತ್ತು ಇಟ್ಟು ಹೋಗುತ್ತಿದ್ದ. ಯಾವತ್ತೂ ಆಫೀಸಿನೊಳಗೆ ಕಾಲಿಡದ ಡ್ರೈವರುಗಳು ಸುಮ್ಮನೆ ಬಂದು ಕೂತು, ಮನೆಯ ಸುದ್ದಿ ಹೇಳಿ ಹೋಗುತ್ತಿದ್ದರು. ಅಕ್ಕನ ಹೆಸರು ಇಳಿದದ್ದಕ್ಕೆ ಜನ ತನ್ನ ಕಡೆ ತಿರುಗಿದ್ದಾರೆ ಎಂದು ಅವಳು ಲೆಕ್ಕ ಹಾಕಿದಳು. ಬೀಸುವ ಫ್ಯಾನಿನ ಗಾಳಿಯೂ ಅವಳಿಗೆ ತಂಪಾಗಿ ಕಂಡಿತು.

ಭಾನುವಾರ ಅಕ್ಕ ಅಮ್ಮನನ್ನು ನೋಡಲು ಬಂದಳು. ಬಾಗಿಲಿಗೆ ಬರುವ ಮೊದಲೇ ದನಿ ಕೇಳಿಸುವ ಹೆಂಗಸು, ಅಂದು ಸದ್ದಿಲ್ಲದೆ ಬಂದು ಅಡುಗೆಮನೆಯ ಮಣೆಯ ಮೇಲೆ ಕೂತಳು. ತಂಗಿ ತರಕಾರಿ ಹೆಚ್ಚುತ್ತಿದ್ದಳು.

“ಏನಾಯ್ತೇ?” ಎಂದಳು ಅಮ್ಮ. “ಮುಖ ಯಾಕೆ ಇಷ್ಟಾಗಿದೆ?”

“ಗಾಡಿ ಹೆಸರು ಬದಲಾಯಿಸಿದ್ದಾರಂತಮ್ಮ. ಡ್ರೈವರನ್ನ ನಾನೇ ಕೇಳ್ದೆ, ಈ ಗಾಡೀನ ಈಗ ಏನಂತ ಕರೀತೀರಪ್ಪ ಅಂತ. ಸಿಡುಕಮ್ಮ ಅಂದು ನಕ್ಕುಬಿಟ್ಟ.” ಅಕ್ಕ ತಂಗಿಯ ಕಡೆ ತಿರುಗಿದಳು. “ನಿಜ ಹೇಳೇ, ನಾನು ಅಷ್ಟೊಂದು ಸಿಡುಕ್ತೀನಾ? ಹೋದ ವಾರ ಒಬ್ಬನಿಗೆ ಜೋರು ಮಾಡಿದ್ದು ಹೌದು. ಅವನು ಬಾಗಿಲಿಂದ ಅರ್ಧ ಮೈ ಆಚೆ ಹಾಕ್ಕೊಂಡು ಬರ್ತಿದ್ದ. ಬಿದ್ದಿದ್ರೆ?”

“ಯಾರೋ ತಮಾಷೆಗೆ ಅಂದಿರ್ತಾರೆ ಬಿಡು,” ಎಂದಳು ತಂಗಿ, ಚಾಕುವಿನಿಂದ ಕಣ್ಣೆತ್ತದೆ.

“ನಾನೀಗ ಯಾರನ್ನೂ ಮಾತಾಡಿಸಲ್ಲ. ಬಾವುಟ ಹಿಡ್ಕೊಂಡು ನೆಟ್ಟಗೆ ನಿಂತ್ಕೋತೀನಿ. ಗಾಡಿ ಹೋಗುತ್ತೆ, ಒಳಗೆ ಬರ್ತೀನಿ. ಅವರಿಗೆ ನನ್ನ ಮಾತು ಅಷ್ಟು ಭಾರ ಆಗಿದ್ರೆ ಮೊದಲೇ ಹೇಳ್ಬಹುದಿತ್ತಲ್ಲ.”

ಅಮ್ಮ ದೊಡ್ಡ ಮಗಳ ಬೆನ್ನು ಸವರತೊಡಗಿದಳು. ತಂಗಿ ಆ ಕೈಯನ್ನು ನೋಡಿದಳು. ಅವಳು ಎಷ್ಟೋ ದಿನದಿಂದ ಬಯಸಿದ್ದು ಇದನ್ನೇ, ಅಕ್ಕನ ಮುಖ ಬಾಡುವುದನ್ನು. ಈಗ ಅದು ಕಣ್ಣೆದುರಿಗಿತ್ತು. ಒಳಗೆ ಒಂದು ಕ್ಷಣ ಹಾಲು ಕುಡಿದಷ್ಟು ಸಂತೋಷವಾದದ್ದು ನಿಜ. ಆದರೆ ಅಮ್ಮನ ಕೈ ಅಕ್ಕನ ಬೆನ್ನ ಮೇಲೇ ಇತ್ತು. ಗೆದ್ದಾಗಲೂ ಅವಳಿಗೇ, ಸೋತಾಗಲೂ ಅವಳಿಗೇ! ಹೆಚ್ಚುತ್ತಿದ್ದ ಚಾಕು ಬೆರಳಿಗೆ ತಾಗಿತು. ಯಾರೂ ನೋಡಲಿಲ್ಲ. ನಲ್ಲಿ ಬಿಟ್ಟು ಬೆರಳು ತೊಳೆದುಕೊಂಡು, ಮತ್ತೆ ಹೆಚ್ಚಲು ಕೂತಳು.

ಆ ವಾರದ ಮಧ್ಯದಲ್ಲಿ ಒಂದು ದಿನ, ಆಫೀಸಿನಲ್ಲಿ ಬೇರೆ ಯಾರೂ ಇಲ್ಲದಾಗ, ರೇಡಿಯೋ ಬಾಗಿಲಲ್ಲಿ ಬಂದು ನಿಂತ. ಟೋಪಿ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದ. ಮಾತಿಗೆ ತಡಕಾಡುವ ರೇಡಿಯೋವನ್ನು ಅವಳು ಅಂದೇ ಮೊದಲು ನೋಡಿದ್ದು.

“ಮೇಡಂ, ಒಂದು ಉಪಕಾರ ಆಗ್ಬೇಕು. ನಿಮ್ಮ ಅಕ್ಕ ಏನೋ ತಪ್ಪು ತಿಳ್ಕೊಂಡಿದ್ದಾರೆ.”

“ಏನು?”

“ಆ ಹೆಸರು ಅವರಿಗೇ ಇಟ್ಟಿದ್ದು ಅಂದ್ಕೊಂಡು ಮಾತೇ ಬಿಟ್ಟಿದ್ದಾರೆ. ಗೇಟ್ ಹತ್ರ ಹೋದ್ರೆ ಕಂಬದ ಹಾಗೆ ನಿಂತಿರ್ತಾರೆ. ನಮಗೆಲ್ಲ ಕಸಿವಿಸಿ ಆಗ್ತಿದೆ. ನೀವೇ ಒಂದು ಮಾತು ಹೇಳಿಬಿಡಿ, ಅದು ನಿಮ್ಮ ಹೆಸರು ಅಂತ.”

“ನನ್ನ ಹೆಸರಾ?”

“ಹೌದಲ್ಲ, ನೀವೇ ಇಟ್ಕೊಂಡ್ರಲ್ಲ ಮೇಡಂ. ನಾವು ನಿಮ್ಮನ್ನ ಬೆನ್ನ ಹಿಂದೆ ಸಿಡುಕಮ್ಮ ಅಂತ ಕರೀತೀವಿ ಅನ್ನೋದು ನಿಮಗೆ ಗೊತ್ತಾಗಿದೆ ಅಂತ ನಮಗೆ ಗೊತ್ತೇ ಇರ್ಲಿಲ್ಲ. ಗೊತ್ತಾದ್ರೂ ಕೋಪ ಮಾಡ್ಕೊಳ್ದೆ, ನಗ್ತಾ ಗಾಡಿಗೇ ಇಟ್ಕೊಂಡ್ರಲ್ಲ! ತಮ್ಮ ಹೆಸರು ತಾವೇ ಇಟ್ಕೋಬಾರ್ದು ಅಂತ ಕಟ್ಟುಪಾಡು ಇದ್ರೂ, ಇದಕ್ಕೆ ಒಬ್ಬರೂ ತಕರಾರು ತೆಗೀಲಿಲ್ಲ. ಎಷ್ಟು ದೊಡ್ಡ ಮನಸ್ಸು ಅಂತ ಎಲ್ಲರೂ...”

ಅವಳ ಮುಖ ನೋಡಿ ಅವನು ಅಲ್ಲಿಗೇ ನಿಲ್ಲಿಸಿದ. ಟೋಪಿ ತಿರುಗುವುದೂ ನಿಂತಿತು.

“ನಿಮಗೆ ಗೊತ್ತಿತ್ತು ಅಲ್ವಾ ಮೇಡಂ?”

ಯಾರ್ಡಿನಲ್ಲಿ ವ್ಯಾಗನ್ನುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕೂಡಿಕೊಳ್ಳುವ ಸದ್ದು ಬಂತು. ಕ್ಯಾಂಟೀನಿನ ಹೆಂಗಸು! ಅವಳಿಗೂ ಈ ಮಾತಿಗೂ ಏನೇನೂ ಸಂಬಂಧವಿರಲಿಲ್ಲ. ತಾನು ಹಾದುಹೋಗುವಾಗಲೆಲ್ಲ ಕೋಣೆಯೊಳಗೆ ಆ ಮಾತು ಕೇಳುತ್ತಿದ್ದದ್ದು ಅವರು ತನ್ನನ್ನು ಕಂಡೇ ಹಾಗನ್ನುತ್ತಿದ್ದದ್ದಕ್ಕೆ.

“ಯಾವಾಗಿಂದ?” ಎಂದು ಕೇಳಿದಳು.

“ಏನು ಯಾವಾಗಿಂದ?”

“ನನ್ನನ್ನ ಹಾಗೆ ಕರೆಯೋದು.”

ರೇಡಿಯೋ ಚಾವಣಿ ನೋಡಿದ. “ನೀವು ಬಂದ ಹೊಸದರಲ್ಲಿ. ಯಾರಿಗೋ ರಜಾ ಇಲ್ಲ ಅಂದು ಫೋನು ಕುಕ್ಕಿದ್ರಂತೆ. ಬೇಜಾರು ಮಾಡ್ಕೋಬೇಡಿ. ಬೇಡದವರಿಗೆ ಇಲ್ಲಿ ಹೆಸರೇ ಇಡಲ್ಲ. ಸ್ಟೇಷನ್ ಸಾಹೇಬ್ರಿಗೆ ಇಟ್ಟಿದೀವಾ?”

ಅವನನ್ನು ಬೈದು ಕಳಿಸಬೇಕೆಂದು ಬಾಯಿ ತೆರೆದಳು. ಬೈದರೆ ಆ ಹೆಸರಿಗೆ ಮೊಹರು ಒತ್ತಿದ ಹಾಗೆ ಎಂದು ಹೊಳೆದು ಮುಚ್ಚಿಕೊಂಡಳು. “ಗೊತ್ತಿಲ್ದೆ ಏನು? ಗೊತ್ತಿತ್ತು,” ಎಂದಳು. “ಅಕ್ಕನಿಗೆ ನಾನು ಹೇಳ್ತೀನಿ. ನೀವು ಹೋಗಿ.”

ಹೇಳುತ್ತೇನೆ ಎಂದದ್ದು ಸುಲಭ. ಎರಡು ದಿನ ಅವಳು ಹೇಳಲಿಲ್ಲ. ಹೇಳಿದರೆ ಅಕ್ಕ ನಗುತ್ತಾಳೆ, ಅಮ್ಮನ ಮುಂದೆ ಆಡುತ್ತಾಳೆ, ಮತ್ತೆ ಅವಳೇ ಮೇಲೆ. ಹೇಳದಿದ್ದರೆ ಅಕ್ಕ ಕಂಬದ ಹಾಗೆ ನಿಂತೇ ಇರುತ್ತಾಳೆ. ಆ ನಿಲುವು ಅವಳ ಕಣ್ಣಿಗೆ ಕಟ್ಟಿಬಿಟ್ಟಿತ್ತು. ಚಿಕ್ಕವರಿದ್ದಾಗ ಅಪ್ಪನ ಜೊತೆ ಬಾವುಟ ಹಿಡಿಯಲು ಇಬ್ಬರೂ ಕಿತ್ತಾಡುತ್ತಿದ್ದದ್ದು, ಅಕ್ಕ ಪ್ರತಿ ಸಲ ಗೆದ್ದು, ಗೆದ್ದ ಮೇಲೆ “ತಗೋ, ಒಂದು ಸಲ ನೀನು ಹಿಡಿ” ಎನ್ನುತ್ತಿದ್ದದ್ದು, ಆ ‘ತಗೋ’ ಎಂಬ ಮಾತಿಗೇ ತಾನು ಇನ್ನಷ್ಟು ಉರಿದುಬೀಳುತ್ತಿದ್ದದ್ದು ಎಲ್ಲ ನೆನಪಾಯಿತು. ಮೂರನೆಯ ದಿನ ಮಧ್ಯಾಹ್ನ ಫೋನಿನ ಕೆಲಸವನ್ನು ಜೊತೆಯವಳಿಗೆ ವಹಿಸಿ, ಲೈನಿನ ಪಕ್ಕದ ದಾರಿ ಹಿಡಿದು ಗೇಟಿಗೆ ನಡೆದಳು.

ಗೇಟಿನ ಕೋಣೆಯಲ್ಲಿ ಒಂದು ಬೆಂಚು, ಗೋಡೆಗೆ ಒಂದು ಫೋನು, ಮೂಲೆಯಲ್ಲಿ ಸುತ್ತಿಟ್ಟ ಬಾವುಟಗಳು. ಅಕ್ಕ ದೀಪದ ಗಾಜು ಒರೆಸುತ್ತಿದ್ದಳು. ತಂಗಿಯನ್ನು ಕಂಡು ಗಾಬರಿಯಾದಳು.

“ಅಮ್ಮನಿಗೇನಾಯ್ತೇ?”

“ಏನೂ ಆಗಿಲ್ಲ. ಆ ಹೆಸರು ನಿಂದಲ್ಲ. ಅದನ್ನ ಹೇಳೋಕೆ ಬಂದೆ.”

“ಯಾವ ಹೆಸರು?”

“ಸಿಡುಕಮ್ಮ. ಅದು ನಾನು. ಯಾರ್ಡಿನವರು ನನ್ನನ್ನ ಹಾಗೆ ಕರೀತಾರೆ.”

ಅಕ್ಕನ ಕೈಯಲ್ಲಿದ್ದ ಬಟ್ಟೆ ಗಾಜಿನೊಳಗೇ ಉಳಿಯಿತು. ಮೊದಲು ಅವಳ ಹುಬ್ಬು ಮೇಲೇರಿತು, ಆಮೇಲೆ ಭುಜ ಕುಲುಕತೊಡಗಿತು. ಗಾಜನ್ನು ಪಕ್ಕಕ್ಕಿಟ್ಟು, ಬೆಂಚಿನ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. “ಸರಿಯಾಗೇ ಇಟ್ಟಿದ್ದಾರೆ ಕಣೇ! ಅಯ್ಯೋ, ಇದು ನನಗೆ ಹೊಳೀಲೇ ಇಲ್ವಲ್ಲ!”

ತಂಗಿ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಇದನ್ನು ತಡೆದುಕೊಳ್ಳಬೇಕೆಂದು ಗೊತ್ತಿದ್ದೇ ಬಂದಿದ್ದಳು.

“ಆದ್ರೆ ನಿನ್ನ ಹೆಸರು ಇಟ್ಟಿಗೆ ಗಾಡಿಗೆ ಯಾಕೆ ಬಂತು? ಯಾರು ಶುರು ಮಾಡಿದ್ದು?”

“ನಾನೇ.”

“ನಿನಗೆ ನೀನೇ?”

“ಹೂಂ.”

ಅಕ್ಕ ಕಣ್ಣೊರೆಸಿಕೊಂಡು ಅವಳನ್ನು ನೋಡಿದಳು. ನಿದ್ದೆಗೆಟ್ಟ ಡ್ರೈವರುಗಳನ್ನು ನೋಡಿ ಅಭ್ಯಾಸವಾದ ಕಣ್ಣು ಅದು. ತಂಗಿ ನೋಟ ತಪ್ಪಿಸಿ ಹಳಿಯ ಕಡೆ ನೋಡಿದಳು. ಅಕ್ಕನಿಗೆ ಎಷ್ಟು ಅರ್ಥವಾಯಿತೋ ಹೇಳುವ ಹಾಗಿಲ್ಲ. ನಗು ಮಾತ್ರ ನಿಂತಿತು. ಅವಳು ಮತ್ತೆ ದೀಪದ ಗಾಜು ಕೈಗೆತ್ತಿಕೊಂಡು, ಒರೆಸಿದ್ದನ್ನೇ ಒರೆಸತೊಡಗಿದಳು.

“ಅಂದ್ರೆ ಆ ಗಾಡಿ ಈಗ ನಿಂದು,” ಎಂದಳು.

“ಹಾಗೇನಿಲ್ಲ...”

“ಹಾಗೇ ಅಲ್ವಾ? ಅವರು ಕೂಗೋದು ಸಿಡುಕಮ್ಮ ಅಂತ. ನನ್ನ ಗೇಟು, ನನ್ನ ಲೈನು, ದಿನಾ ಧೂಳು ಕುಡಿಯೋಳು ನಾನು. ಬೇರೆ ಗಾಡಿ ಸಿಗಲಿಲ್ವೇನೇ ನಿನಗೆ? ಯಾರ್ಡಿನ ತುಂಬ ಗಾಡಿ ಬಿದ್ದಿವೆ. ಆ ದೇವರೇ ಗತಿ ಇದೆಯಲ್ಲ, ಅದನ್ನ ತಗೋಬಾರ್ದಾಗಿತ್ತಾ?”

ತಂಗಿ ತಿರುಗಿ ಅಕ್ಕನ ಮುಖ ನೋಡಿದಳು. ಕೆಳತುಟಿ ಮುಂದೆ ಬಂದಿತ್ತು, ಮೂಗಿನ ಹೊಳ್ಳೆ ಅರಳಿತ್ತು. ಈ ಮುಖ ಅವಳಿಗೆ ಚೆನ್ನಾಗಿ ಗೊತ್ತು. ಬಚ್ಚಲುಮನೆಯ ಕನ್ನಡಿಯಲ್ಲಿ ಎಷ್ಟು ಸಲ ನೋಡಿಲ್ಲ! ಅಕ್ಕನಿಗೆ ಹೊಟ್ಟೆಕಿಚ್ಚು. ಅದೂ ನನ್ನ ಮೇಲೆ! ಅಕ್ಕನ ಬಾಡಿದ ಮುಖ ಕೊಡದ ತೃಪ್ತಿ ಈ ಮುಖದಲ್ಲಿ ಸಿಕ್ಕಿತು. ಅಪ್ಪಿಕೊಳ್ಳಬೇಕೆನಿಸಿತು, ಅಪ್ಪಿಕೊಂಡರೆ ಕಾರಣ ಹೇಳಬೇಕಾಗುತ್ತದೆಂದು ಸುಮ್ಮನಾದಳು.

“ನಾನೇನು ಮಾಡ್ಲಿ ಅಕ್ಕ,” ಎಂದಳು, ದನಿಯಲ್ಲಿ ಆದಷ್ಟು ಸಂಕಟ ತುಂಬಿ. “ಜನ ಕರೀತಾರೆ.”

“ಕರೀತಾರಂತೆ! ನಾಳೆ ಬರ್ಲಿ ಆ ರೇ‍ಡಿಯೋ. ಊರಿಗೆಲ್ಲ ಹಬ್ಬಿಸಿದ್ದು ಅವನೇ ಇರ್ಬೇಕು, ಚಳಿ ಬಿಡಿಸ್ತೀನಿ.”

ಮಾರನೆಯ ದಿನ ಅಕ್ಕ ಬಾವುಟ ಹಿಡಿದು ಎಂಜಿನ್ನಿನ ಪಕ್ಕ ನಡೆದಳು. ಅಷ್ಟೂ ದಿನ ಆಡದೆ ಉಳಿಸಿಕೊಂಡಿದ್ದ ಮಾತನ್ನೆಲ್ಲ ತಿರುವು ಮುಗಿಯುವುದರೊಳಗೆ ಆಡಿ ಮುಗಿಸಿದಳಂತೆ. ಬೈಸಿಕೊಂಡವರು ಯಾರ್ಡಿಗೆ ಬಂದು ಹಬ್ಬ ಮಾಡಿದವರ ಹಾಗೆ ಸುದ್ದಿ ಹೇಳಿದರು. ಅರ್ಧ ಯಾರ್ಡು ಮತ್ತೆ ‘ಅಕ್ಕ’ ಎನ್ನತೊಡಗಿತು. ಉಳಿದರ್ಧ ‘ಸಿಡುಕಮ್ಮ’ನನ್ನು ಬಿಡಲು ಒಪ್ಪಲಿಲ್ಲ. ಒಂದಷ್ಟು ದಿನ ಗೊಂದಲವಾಗಿ, ಒಬ್ಬ ಡ್ರೈವರು ಎರಡು ಬೇರೆ ಗಾಡಿಗಳಿರಬೇಕೆಂದು ತಪ್ಪು ಲೈನಿನಲ್ಲಿ ಹೋಗಿ ಕಾದು ನಿಂತದ್ದೂ ಆಯಿತು. ಕೊನೆಗೆ ಅದು ತಾನೇ ಒಂದು ದಾರಿ ಕಂಡುಕೊಂಡಿತು. ಬೆಳಿಗ್ಗೆ ಖಾಲಿ ವ್ಯಾಗನ್ನುಗಳೊಂದಿಗೆ ಹಗುರಾಗಿ ಹೋಗುವ ಗಾಡಿ ಅಕ್ಕ; ಸಂಜೆ ಇಟ್ಟಿಗೆ ಹೊತ್ತು, ಹಸಿದ ಡ್ರೈವರನ್ನೂ ಹೊತ್ತು, ಗೊಣಗುತ್ತ ಬರುವ ಗಾಡಿ ಸಿಡುಕಮ್ಮ.

ಭಾರ ಹೊರುವ ಗಾಡಿ ತನ್ನದೆಂದು ತಂಗಿಗೆ ಒಳಗೊಳಗೇ ಹೆಮ್ಮೆ. ಅಮ್ಮನ ಎದುರು ಅದನ್ನು ಒಂದೆರಡು ಸಲ ಎತ್ತಿ ಆಡಿಯೂ ಬಿಟ್ಟಳು. ಹೊತ್ತಿಗೆ ಸರಿಯಾಗಿ ಹೊರಡುವ ಗಾಡಿ ತನ್ನದೆಂದು ಅಕ್ಕನ ವಾದ. ಭಾನುವಾರ ಇಬ್ಬರೂ ಸೇರಿದರೆ ಅಮ್ಮ ಯಾರ ಪರವೂ ವಹಿಸದೆ ಎದ್ದು ಹಿತ್ತಲಿಗೆ ಹೋಗುವಷ್ಟು ಜಗಳ. ವಾರದ ಉಳಿದ ದಿನಗಳಲ್ಲಿ ಅದು ಫೋನಿನಲ್ಲಿ ಮುಂದುವರಿಯುತ್ತಿತ್ತು. ಮೊನ್ನೆಯೂ ಹಾಗೇ, ಸಂಜೆ ಆಫೀಸಿನ ಫೋನು ಬಡಿದುಕೊಂಡಿತು.

“ಏನೇ, ನಿನ್ನ ಗಾಡಿ ಇನ್ನೂ ಗೂಡು ಬಿಟ್ಟಿಲ್ಲ. ಗೇಟು ಹಾಕಿ ಕಾಯ್ತಾ ಇದೀನಿ, ಲಾರಿಯವರು ನನ್ನ ತಲೆ ತಿಂತಿದ್ದಾರೆ.”

“ಬೆಳಿಗ್ಗೆ ನಿನ್ನ ಗಾಡಿ ಅಲ್ಲಿಗೆ ಹೋಗಿ ಸೇರಿದ್ದು ಎಷ್ಟು ಹೊತ್ತಿಗೆ ಅಂತ ಮೊದಲು ಕೇಳ್ಕೋ ಅಕ್ಕ. ಆಮೇಲೆ ನನ್ನದರ ಸುದ್ದಿಗೆ ಬಾ,” ಎಂದು ತಂಗಿ ಫೋನನ್ನು ಕುಕ್ಕಿದಳು. ಪಕ್ಕದಲ್ಲಿ ಚಹಾ ಇಡುತ್ತಿದ್ದವನು ನಗು ಬಚ್ಚಿಡಲು ಮುಖ ಆಚೆ ತಿರುಗಿಸಿಕೊಂಡ.